ಹೊತ್ತು ಮೀರಿದ ಮಾತು



ಅಕ್ಷರ ಕಲಿಸುವ ಮನೆಯೊಂದರ ನೂರನೆಯ ವರ್ಷದಲ್ಲಿ, ಅಕ್ಷರವನ್ನೇ ನಿಷೇಧಿಸಿದ ಕಲ್ಪಿತ ರಾಜ್ಯವೊಂದರ ಕಥೆಯನ್ನು ನೆನೆಯುವುದು ಅಸಂಗತವಾಗದೆಂದು ನಂಬಿದ್ದೇನೆ. ಕೆನಡಾದ ಲೇಖಕಿ ಮಾರ್ಗರೆಟ್ ಆಟ್‌ವುಡ್ 1985ರಲ್ಲಿ ಪ್ರಕಟಿಸಿದ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಕಾದಂಬರಿಯಲ್ಲಿ, ಅಮೆರಿಕದ ಪ್ರಜಾಪ್ರಭುತ್ವ ಕುಸಿದು ಗಿಲಿಯಡ್ ಎಂಬ ಮತಾಧಿಕಾರದ ರಾಜ್ಯ ತಲೆಯೆತ್ತುತ್ತದೆ. ಅಲ್ಲಿ ಸ್ತ್ರೀಯರು ಓದುವಂತಿಲ್ಲ; ಅಂಗಡಿಯ ಫಲಕಗಳಲ್ಲಿಯೂ ಅಕ್ಷರದ ಬದಲು ಚಿತ್ರ. ಜನನಗಳು ವಿರಳವಾದ ಆ ನಾಡಿನಲ್ಲಿ, ಹೆರಬಲ್ಲ ಕೆಲವು ಸ್ತ್ರೀಯರನ್ನು ಸಂತಾನಕ್ಕಾಗಿ ಅಧಿಕಾರಿಗಳ ಮನೆಗೆ ಒಪ್ಪಿಸಲಾಗುತ್ತದೆ. ಕಥೆ ಹೇಳುವವಳು ಅಂಥವರಲ್ಲಿ ಒಬ್ಬಳು. ಫ್ರೆಡ್ ಎಂಬವನಿಗೆ ಸೇರಿದವಳೆಂಬ ಅರ್ಥದಲ್ಲಿ ಅವಳನ್ನು ‘ಆಫ್‌ಫ್ರೆಡ್’ ಎನ್ನುತ್ತಾರೆ.

ಇವಳು ಸಿಡಿದೇಳುವಳೆಂದು ಓದುಗರು ಕಾಯುತ್ತಾರೆ. ಅವಳು ಏಳುವುದಿಲ್ಲ. ಆದರೆ ಅವಕಾಶಗಳು ಬಾರದೆ ಇರಲಿಲ್ಲ.

ಮೊದಲ ಅವಕಾಶ ಗಿಲಿಯಡ್ ಬಲಿಯುವ ಮುನ್ನವೇ ಬಂದಿತ್ತು. ಸಂವಿಧಾನವನ್ನು ತಾತ್ಕಾಲಿಕವೆಂದು ಹೇಳಿ ಅಮಾನತಿನಲ್ಲಿಟ್ಟಾಗ ಜನ ಮನೆಯಲ್ಲಿ ಕುಳಿತು ಟಿ.ವಿ. ನೋಡಿದರು. ಒಂದು ದಿನ ಗ್ರಂಥಾಲಯದ ಕೆಲಸದಿಂದ ಅವಳನ್ನೂ ಸಹೋದ್ಯೋಗಿ ಸ್ತ್ರೀಯರನ್ನೂ ಹೊರಗೆ ಕಳುಹಿಸಲಾಯಿತು. ಏಕೆಂದು ಕೇಳಿದರೆ, ಇದು ಕಾನೂನು ಎಂಬ ಉತ್ತರ. ಸ್ತ್ರೀಯರ ಬ್ಯಾಂಕ್ ಖಾತೆಗಳೂ ಸ್ತಬ್ಧವಾದವು. ಪ್ರತಿಭಟನೆಯ ಮೆರವಣಿಗೆಗಳು ಹೊರಟವು; ಅವಳು ಹೋಗಲಿಲ್ಲ. ಅದರಿಂದ ಪ್ರಯೋಜನವಿಲ್ಲ, ಸಂಸಾರವನ್ನು ನೋಡಿಕೊಳ್ಳಬೇಕು ಎಂದ ಗಂಡನ ಮಾತನ್ನು ಒಪ್ಪಿ ಮನೆಗೆಲಸದಲ್ಲಿ ಮುಳುಗಿದಳು. ಮುಂದೆ ಮೆರವಣಿಗೆಗಳ ಮೇಲೆ ಗುಂಡು ಹಾರತೊಡಗಿ, ಅವೂ ನಿಂತುಹೋದವು.

ಎರಡನೆಯ ಅವಕಾಶ ಸೆರೆಯೊಳಗೆ ಬಂದಿತು. ಸಾಮಾನು ತರಲು ಜೊತೆಯಾಗಿ ಹೋಗುತ್ತಿದ್ದ ಸಂಗಾತಿ ಒಂದು ಗುಪ್ತ ಸಂಘಟನೆಗೆ ಸೇರಿದವಳು. ಮನೆಯ ಯಜಮಾನ ಇವಳನ್ನು ರಾತ್ರಿಗಳಲ್ಲಿ ತನ್ನ ಖಾಸಗಿ ಕೋಣೆಗೆ ಕರೆಯುತ್ತಿದ್ದುದರಿಂದ, ಅವನಿಂದ ಸುದ್ದಿ ಸಂಗ್ರಹಿಸಲು ಅವಳು ಕೇಳಿಕೊಂಡಳು. ಆದರೆ ಅಷ್ಟರಲ್ಲಿ ಇವಳಿಗೆ ಮನೆಯ ಚಾಲಕನ ಪ್ರೀತಿ ದೊರಕಿತ್ತು. ಅಷ್ಟು ನೆಮ್ಮದಿಯೇ ಸಾಕೆನಿಸಿತು. ನೆಪ ಕೇಳಿ ಕೇಳಿ ಸಂಗಾತಿ ಕೇಳುವುದನ್ನೇ ಬಿಟ್ಟಳು. ಕೊನೆಗೆ ತನ್ನನ್ನು ಒಯ್ಯಲು ವಾಹನ ಬರುವುದನ್ನು ಕಂಡು ಆಕೆ ಪ್ರಾಣ ನೀಗಿದಳು. ಆ ಸುದ್ದಿ ಕೇಳಿದಾಗ ಇವಳಿಗೆ ಮೊದಲು ಆದದ್ದು, ತಾನು ಉಳಿದೆನೆಂಬ ಸಮಾಧಾನ.

ಇವಳನ್ನು ಹೇಡಿಯೆಂದು ತಳ್ಳಿಹಾಕುವುದು ಸುಲಭ. ಲೇಖಕಿ ಹಾಗೆ ಮಾಡುವುದಿಲ್ಲ. ಶವಗಳನ್ನು ಗೋಡೆಗೆ ತೂಗುಹಾಕುವ ಊರಿನಲ್ಲಿ ಜೀವ ಉಳಿಸಿಕೊಳ್ಳುವುದೂ ಸಣ್ಣ ಕೆಲಸವಲ್ಲ. ನಮ್ಮನ್ನು ಕಾಡಬೇಕಾದುದು ಬೇರೆ: ಅವಳು ಸುಮ್ಮನಿದ್ದ ಪ್ರತಿಯೊಂದು ಸಲವೂ ಅವಳಲ್ಲಿ ಒಳ್ಳೆಯ ಕಾರಣವಿತ್ತು. ಸಂಸಾರ, ಮಗು, ಪ್ರೀತಿ. ದಬ್ಬಾಳಿಕೆ ಭಯವೊಂದರಿಂದಲೇ ನಡೆಯುವುದಿಲ್ಲ. ಸಜ್ಜನರ ಸಕಾರಣವಾದ ಮೌನದಿಂದಲೂ ನಡೆಯುತ್ತದೆ. ಮೊದಲ ದಿನ ಬೀದಿಗಿಳಿಯುವಷ್ಟರಲ್ಲಿ ಮುಗಿಯಬಹುದಾಗಿದ್ದ ಪ್ರತಿರೋಧದ ಬೆಲೆ, ತಡವಾದಂತೆ ಪ್ರಾಣದಷ್ಟಾಗುತ್ತದೆ.

ಆದರೂ ಅವಳು ಒಂದು ಕಾರ್ಯ ಮಾಡಿದಳು. ಓದುಬರಹ ಕಸಿದುಕೊಂಡರೂ ತನ್ನ ಕಥೆಯನ್ನು ಧ್ವನಿಸುರುಳಿಗಳಲ್ಲಿ ಹೇಳಿಟ್ಟಳು. ಕಾದಂಬರಿಯ ಕೊನೆಯಲ್ಲಿ, 2195ರಲ್ಲಿ ಸೇರಿದ ವಿದ್ವಾಂಸರು ಅವುಗಳನ್ನು ಚರ್ಚಿಸುತ್ತಾರೆ. ಅವಳು ಪಾರಾದಳೋ ಇಲ್ಲವೋ ತಿಳಿಯದು. ಅವಳ ಮಾತು ಉಳಿಯಿತು. ಅದು ಸಾಕ್ಷಿಯಾಯಿತು, ಸಂಗಾತಿಯನ್ನು ಉಳಿಸಲು ಮಾತ್ರ ಹೊತ್ತು ಮೀರಿತ್ತು.

ಗಡಿಯಾಚೆಯ ಕನ್ನಡ ಶಾಲೆ ನೂರು ವರ್ಷ ಬಾಳುವುದು ಯಾವನೋ ಒಬ್ಬ ವೀರನಿಂದಲ್ಲ. ವರ್ಷ ವರ್ಷವೂ ಮಗುವಿನ ಕೈಹಿಡಿದು ತಂದು ಹೆಸರು ಬರೆಸಿದ ತಾಯಿತಂದೆಯರಿಂದ, ತರಗತಿ ಬರಿದಾಗದಂತೆ ಕಾಯ್ದ ಗುರುಗಳಿಂದ. ಹೊತ್ತಿಗೆ ಸರಿಯಾಗಿ ಮಾಡಿದ ಸಣ್ಣ ಕೆಲಸಗಳವು. ಅಂತಹ ಶಾಲೆಯಲ್ಲಿ ಕಲಿಯುವ ಮಕ್ಕಳಿಗೆ ನಾವು ಅಕ್ಷರದೊಂದಿಗೆ ಇನ್ನೊಂದನ್ನೂ ಕಲಿಸೋಣ: ಕಾನೂನು ಎಂಬ ಉತ್ತರ ಬಂದಾಗಲೂ ‘ಏಕೆ?’ ಎಂದು ಮತ್ತೊಮ್ಮೆ ಕೇಳುವುದನ್ನು. ಕೇಳುವ ಮಗುವನ್ನು ಮನೆಯಲ್ಲಿ, ತರಗತಿಯಲ್ಲಿ ನಾವೇ ಗದರಿಸದಿರೋಣ.