ಒಳ್ಳೆಯ ಬಾಸ್, ಕೆಟ್ಟ ಬಾಸ್ ಮತ್ತು ನಾನು

(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)



"ಒಳ್ಳೆಯ ಬಾಸ್ ಯಾರು?" ಎಂಬ ವಿಷಯ ಕೊಟ್ಟು ಮಾತಾಡಿ ಎಂದಿದ್ದೀರಿ. ನಾನು ಮ್ಯಾನೇಜ್‌ಮೆಂಟ್ ಓದಿದವಳಲ್ಲ. 1983ರಲ್ಲಿ ಕುಂದಾಪುರದಿಂದ ಮುಂಬಯಿಗೆ ಬಂದು, ಒಂದು ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ಸೇರಿ, ಅಧಿಕಾರಿಯಾಗಿ ನಿವೃತ್ತಳಾದವಳು. ನಡುವೆ ಹನ್ನೊಂದು ಮಂದಿ ಮ್ಯಾನೇಜರರನ್ನು ಕಂಡೆ. ಅವರಲ್ಲಿ ಇಬ್ಬರ ಬಗ್ಗೆ ಹೇಳುತ್ತೇನೆ. ಮೂರನೆಯ ಬಾಸ್ ಒಬ್ಬಳಿದ್ದಾಳೆ, ಅವಳ ಸುದ್ದಿ ಆಮೇಲೆ.

ಮೊದಲನೆಯವರು ಮಹಾ ಸಿಡುಕ. ಬೆಳಿಗ್ಗೆ ಐದು ನಿಮಿಷ ತಡವಾದರೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ. ಲೋಕಲ್ ಟ್ರೇನ್ ಲೇಟು ಎಂದರೆ, "ಟ್ರೇನಿಗೆ ಸಂಬಳ ಕೊಡುವುದು ನಾವಲ್ಲ" ಎನ್ನುತ್ತಿದ್ದರು. ಅವರನ್ನು ಕಂಡರೆ ನನಗೆ ಕೈಕಾಲು ನಡುಗುತ್ತಿತ್ತು. ನನ್ನನ್ನು ಕ್ಯಾಶ್ ಕೌಂಟರಿಗೆ ಹಾಕಿದ ಎರಡನೇ ವಾರ ಸಂಜೆ ಲೆಕ್ಕ ಮಾಡಿದರೆ 500 ರೂಪಾಯಿ ಕಡಿಮೆ! ಕ್ಯಾಶಿನಲ್ಲಿ ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಆಗ ಅದು ನನ್ನ ಸಂಬಳದ ಅರ್ಧದಷ್ಟು. ಊರಿಗೆ ಮನಿಯಾರ್ಡರ್ ಕಳಿಸುವುದು ಹೇಗೆ ಎಂದು ಅಳು ಬಂತು. ಅವರು ಬೈಯಲಿಲ್ಲ. ಕೋಟು ಬಿಚ್ಚಿಟ್ಟು, ನನ್ನ ಪಕ್ಕ ಕುಳಿತು, ರಾತ್ರಿ ಎಂಟರ ತನಕ ಒಂದೊಂದೇ ವೋಚರ್ ನೋಡಿದರು. ಒಬ್ಬ ಅಂಗಡಿಯವರಿಗೆ ನೂರರ ಐದು ನೋಟು ಹೆಚ್ಚು ಹೋಗಿರಬೇಕು ಎಂಬ ಸಂಶಯ ಬಂತು. ಮರುದಿನ ತಾವೇ ಆ ಅಂಗಡಿಗೆ ನಡೆದು ಹೋಗಿ ಹಣ ವಾಪಸು ತಂದರು. ವಿಷಯ ಕೇಳಿದ ಮೇಲಧಿಕಾರಿಗೆ ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಹೊಸಬಳನ್ನು ತರಬೇತಿ ಇಲ್ಲದೆ ಕೂರಿಸಿದ್ದು ನಾನು." ಅದರ ಮಾರನೆಯ ದಿನ ನಾನು ತಡವಾಗಿ ಬಂದೆ. ಕೆಂಪು ಗೆರೆ ಬಿತ್ತು!

ಇಸ್ರೋ ಕಥೆ ನಿಮಗೆಲ್ಲ ವಾಟ್ಸ್‌ಆ್ಯಪಿನಲ್ಲಿ ಹತ್ತು ಸಲ ಬಂದಿರುತ್ತದೆ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರ ಮುಂದೆ ನಿಂತವರು ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ಗೆದ್ದಾಗ ಮಾತಾಡಲು ಅವರು ಕಳಿಸಿದ್ದು ಅಬ್ದುಲ್ ಕಲಾಂ ಅವರನ್ನು. ಕಲಾಂ ಅವರೇ ಹೇಳಿಕೊಂಡ ಕಥೆ ಅದು. ಅದನ್ನು ಓದುವಾಗಲೆಲ್ಲ ನನಗೆ ನೆನಪಾಗುವುದು ಆ ಬಿಚ್ಚಿಟ್ಟ ಕೋಟು.

ಎರಡನೆಯವರು ಇದಕ್ಕೆ ಪೂರ್ತಿ ವಿರುದ್ಧ. ಮಾತು ಬೆಣ್ಣೆ. ನಮ್ಮ ಹುಟ್ಟಿದ ದಿನಕ್ಕೆ ಪೇಡಾ ತರಿಸುತ್ತಿದ್ದರು, ನನ್ನನ್ನು "ಬೇಟಾ" ಎಂದೇ ಕರೆಯುತ್ತಿದ್ದರು. ನನ್ನ ಮಗಳು ಹುಟ್ಟಿದಾಗ ಬೆಳ್ಳಿಯ ಚಮಚ ಕೊಟ್ಟರು. ಆಗ ಹೆರಿಗೆ ರಜೆ 12 ವಾರ. ಮುಗಿಸಿ ಬಂದ ಮೇಲೆ ಪ್ರಮೋಶನ್ ಪಟ್ಟಿ ಬಂತು, ನನ್ನ ಹೆಸರಿಲ್ಲ. ಆಡಳಿತ ಕಚೇರಿಯಲ್ಲಿದ್ದ ಗೆಳತಿ ಗುಟ್ಟಾಗಿ ಹೇಳಿದಳು. ಶಾಖೆಯ ಕೆಲಸ ಹಿಂದೆ ಬಿದ್ದದ್ದಕ್ಕೆ ಮೇಲಿನವರು ಕಾರಣ ಕೇಳಿದ್ದರಂತೆ. ಕಾರಣ ನನ್ನ ರಜೆಯಾಗಿತ್ತು. ಗುಪ್ತ ವರದಿಯಲ್ಲಿ ನನ್ನ ಕೆಲಸ "ಸಾಧಾರಣ" ಎಂದು ಬರೆದಿದ್ದರು. "ಕೆಟ್ಟದು" ಎಂದಿದ್ದರೆ ನನಗೆ ತಿಳಿಸಬೇಕಾಗಿತ್ತು. ಸಾಧಾರಣ ಎಂದರೆ ಯಾರೂ ತಿಳಿಸುವುದಿಲ್ಲ. ಬೆಳ್ಳಿಯ ಚಮಚ ಇನ್ನೂ ಕಪಾಟಿನಲ್ಲಿದೆ, ಎಸೆಯಲು ಮನಸ್ಸು ಬಂದಿಲ್ಲ, ಬೆಳ್ಳಿಯಲ್ಲವೆ!

ಈಗಿನ ಹುಡುಗಿಯರಿಗೆ ಕಾನೂನಿನ ಬೆಂಬಲ ಹೆಚ್ಚಿದೆ. ವರದಿಯಲ್ಲಿ ಒಳ್ಳೆಯದು ಕೆಟ್ಟದು ಏನೇ ಬರೆದರೂ ಸರಕಾರಿ ನೌಕರರಿಗೆ ತಿಳಿಸಲೇಬೇಕು ಎಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2017ರಿಂದ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. ಆದರೆ ರಜೆ ಮುಗಿಸಿ ಬಂದವಳಿಗೆ ಅವಳ ಹಳೆಯ ಕೆಲಸವೇ ಸಿಗುತ್ತದೆಯೋ, ಮೂಲೆಯ ಮೇಜು ಸಿಗುತ್ತದೆಯೋ ಎಂಬುದು ಇವತ್ತಿಗೂ ಬಾಸಿನ ಕೈಯಲ್ಲೇ ಇದೆ ಎಂದು ನನ್ನ ಮಗಳು ಹೇಳುತ್ತಾಳೆ.

ಇನ್ನು ಮೂರನೆಯ ಬಾಸ್. ಅದು ನಾನು.

2005ರ ಜುಲೈ 26, ಮಂಗಳವಾರ. ಆ ದಿನ ಇಲ್ಲಿದ್ದವರಿಗೆ ವಿವರಿಸಬೇಕಿಲ್ಲ. ದಾದರ್ ಹತ್ತಿರದ ಶಾಖೆಯಲ್ಲಿ ನಾನು ಅಧಿಕಾರಿ. ಮಧ್ಯಾಹ್ನ ಎರಡರ ಹೊತ್ತಿಗೆ ಹೊರಗೆ ಕತ್ತಲು ಕವಿದಂತೆ ಮಳೆ. ಮುಲುಂಡಿನಿಂದ ಬರುವ ಹುಡುಗಿಯೊಬ್ಬಳು, ಎಂಟು ತಿಂಗಳ ಮಗುವಿನ ತಾಯಿ, ಬಂದು ಕೇಳಿದಳು: "ಮ್ಯಾಡಮ್, ಟ್ರೇನ್ ನಿಲ್ಲುವ ಮೊದಲು ಹೋಗಲೆ?" ಅದೇ ಹೊತ್ತಿಗೆ ಫೋರ್ಟಿನ ಆಫೀಸಿನಿಂದ ಫೋನು: "ಸ್ಟೇಟ್‌ಮೆಂಟ್ ಐದರೊಳಗೆ ಬೇಕು. ಮಳೆಯೆ? ಇಲ್ಲೇನೂ ಅಷ್ಟಿಲ್ಲವಲ್ಲ!" ಅವರು ಸುಳ್ಳು ಹೇಳಲಿಲ್ಲ. ಆ ದಿನ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆಯಾದರೆ ಕೊಲಾಬಾದಲ್ಲಿ ಬಿದ್ದದ್ದು ಬರೇ 73. ಅವರ ಕಿಟಕಿಯಲ್ಲಿ ಮಳೆ ಇರಲಿಲ್ಲ. ನನ್ನ ಕಿಟಕಿಯಲ್ಲಿ ಇತ್ತು. ಆದರೂ ನಾನು ಫೋನಿನಲ್ಲಿ "ಯೆಸ್ ಸರ್" ಅಂದೆ, ಅವಳಿಗೆ "ಸ್ಟೇಟ್‌ಮೆಂಟ್ ಮುಗಿಸಿ ಹೋಗಮ್ಮ" ಅಂದೆ.

ಅವಳು ಮುಗಿಸಿದಳು. ಟ್ರೇನ್ ನಿಂತಿತ್ತು. ನಡೆದಳು. ಸೊಂಟದ ನೀರಿನಲ್ಲಿ ಕುರ್ಲಾ ತನಕ ಹೋಗಿ, ನಿಂತಿದ್ದ ಬೆಸ್ಟ್ ಬಸ್ಸೊಂದರಲ್ಲಿ ರಾತ್ರಿ ಕಳೆದು, ಮರುದಿನ ಮಧ್ಯಾಹ್ನ ಮನೆ ಸೇರಿದಳು. ಮಗು ರಾತ್ರಿಯಿಡೀ ಪಕ್ಕದ ಮನೆಯ ಅಜ್ಜಿಯ ಹತ್ತಿರ. ಆ ಸ್ಟೇಟ್‌ಮೆಂಟ್? ಫೋನ್ ಕೆಟ್ಟು ಫ್ಯಾಕ್ಸ್ ಹೋಗಲೇ ಇಲ್ಲ. ಎರಡು ದಿನ ನನ್ನ ಮೇಜಿನ ಮೇಲೇ ಬಿದ್ದಿತ್ತು.

ಶುಕ್ರವಾರ ಬಂದವಳು ನನ್ನನ್ನು ಏನೂ ಕೇಳಲಿಲ್ಲ. ರಜೆ ಅರ್ಜಿ ಮುಂದಿಟ್ಟಳು, ನಾನು ಸಹಿ ಹಾಕಿದೆ. ಕ್ಷಮೆ ಕೇಳಬೇಕಿತ್ತು, ಅಧಿಕಾರಿಯ ಕುರ್ಚಿಯಲ್ಲಿ ಕುಳಿತು ಅದು ಬಾಯಿಗೆ ಬರಲಿಲ್ಲ. ವರ್ಷದೊಳಗೆ ಅವಳು ವರ್ಗ ಮಾಡಿಸಿಕೊಂಡು ಹೋದಳು. ನನ್ನ ಮೊದಲ ಮ್ಯಾನೇಜರ್ ಇದ್ದಿದ್ದರೆ ಫೋನಿನವರಿಗೆ, "ಇವತ್ತು ಆಗುವುದಿಲ್ಲ, ನನ್ನ ಹೆಸರು ಬರೆದುಕೊಳ್ಳಿ" ಎನ್ನುತ್ತಿದ್ದರು. ನನಗೂ ಅಷ್ಟು ಹೇಳಲು ಬರುತ್ತಿತ್ತು, ಕನ್ನಡದಲ್ಲೂ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ.

ಆಫೀಸಿಗೆ ಹೋಗದವರು ನಮಗಿದು ಸಂಬಂಧವಿಲ್ಲ ಎಂದು ಸೀರೆಯ ನೆರಿಗೆ ನೋಡುತ್ತಿದ್ದೀರಿ. ಇವತ್ತು ಬೆಳಿಗ್ಗೆ ನಮ್ಮ ಕೆಲಸದ ಬಾಯಿ, ಮಗನಿಗೆ ಜ್ವರ, ನಾಳೆ ಬರುವುದಿಲ್ಲ ಎಂದಳು. ಈ ಭಾಷಣ ಕೈಯಲ್ಲಿ ಹಿಡಿದುಕೊಂಡೇ ನಾನು ಕೇಳಿದ್ದು, "ನಾಳೆ ನೆಂಟರು ಬರುತ್ತಾರಲ್ಲ, ಪಾತ್ರೆ ಯಾರು ತೊಳೆಯೋದು?" ಎಂದು. ಅವಳು "ಬರ್ತೀನಿ ಬಿಡಿ" ಅಂದು ಹೋದಳು. ಚಹಾದ ವಿರಾಮದಲ್ಲಿ ಅವಳಿಗೆ ಫೋನ್ ಮಾಡಬೇಕು, ಆದ್ದರಿಂದ ಇಲ್ಲಿಗೇ ನಿಲ್ಲಿಸುತ್ತೇನೆ.