ಒಂದು ಹಾಳೆಗೆ ನೂರು ಅಚ್ಚು

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ನೆತ್ತಿಯ ಸರೋವರವೊಂದನ್ನು ಮರದಚ್ಚಿನಲ್ಲಿ ಮೂಡಿಸಲು ಒಂದೇ ಹಾಳೆಯನ್ನು ಎಷ್ಟು ಸಲ ಅಚ್ಚಿಗೆ ಒತ್ತಬೇಕು? ಕಲಾವಿದ ಚಿಯುರಾ ಒಬಾಟಾ ನೂರಕ್ಕೂ ಹೆಚ್ಚು ಸಲ ಒತ್ತಿಸಿದರು.

ಒಬಾಟಾ ಹುಟ್ಟಿದ್ದು 1885ರಲ್ಲಿ, ಜಪಾನಿನಲ್ಲಿ. ಎಳವೆಯಲ್ಲೇ ಮಸಿ ಕುಂಚ ಹಿಡಿದ ಹುಡುಗ 1903ರಲ್ಲಿ ಅಮೆರಿಕಕ್ಕೆ ಬಂದು, ಮನೆಗೆಲಸ ಮಾಡುತ್ತ ಇಂಗ್ಲಿಷ್ ಕಲಿತ. 1906ರ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಉರಿದು ಕುಸಿದಾಗ, ಆ ಅವಶೇಷಗಳ ನಡುವೆಯೇ ಕೂತು ಚಿತ್ರ ಬರೆದ. ಬದುಕಿನ ದಿಕ್ಕು ತಿರುಗಿದ್ದು ಮಾತ್ರ 1927ರ ಬೇಸಿಗೆಯಲ್ಲಿ. ಗೆಳೆಯರ ಜೊತೆ ಸಿಯೆರಾ ನೆವಾಡಾದ ಯೊಸೆಮಿಟಿ ಸುತ್ತಿದ ಒಬಾಟಾ ಆರು ವಾರಗಳಲ್ಲಿ ನೂರಕ್ಕೂ ಹೆಚ್ಚು ಹಾಳೆಗಳಲ್ಲಿ ಬಂಡೆ, ಜಲಪಾತ, ದೇವದಾರುಗಳನ್ನು ತುಂಬಿಕೊಂಡು ಬಂದರು.

ಮರುವರ್ಷ ಜಪಾನಿಗೆ ಹೋದವರು ಟೋಕಿಯೊದ ತಕಮಿಜಾವಾ ಮುದ್ರಣಾಲಯದಲ್ಲಿ 35 ಚಿತ್ರಗಳನ್ನು ಮರದಚ್ಚಿಗೆ ಇಳಿಸಿದರು. ಅದು ಸುಲಭದ ಕೆಲಸವಾಗಿರಲಿಲ್ಲ. ಮರದಚ್ಚಿಗೆ ಒಗ್ಗುವುದು ಗಟ್ಟಿ ಗೆರೆ, ಒಂದೇ ಹದದ ಬಣ್ಣ. ಇವರು ಬಯಸಿದ್ದು ಒದ್ದೆ ಕುಂಚದ ಜಾಡು, ನೀರಲ್ಲಿ ಹರಡಿ ಕರಗಿದ ನೀಲಿ. ಒಂದೊಂದು ಛಾಯೆಗೂ ಹಲಗೆಗೆ ಬಣ್ಣ ಸವರಬೇಕು, ತೇವದ ಹಾಳೆಯನ್ನು ಗುರುತಿಗೆ ಸರಿಯಾಗಿ ಕೂರಿಸಬೇಕು, ಹಿಂಬದಿಯಿಂದ ಹದವರಿತು ಉಜ್ಜಬೇಕು. ಕೂದಲೆಳೆಯಷ್ಟು ಸರಿದರೂ ಅಲ್ಲಿಯತನಕದ ದುಡಿಮೆ ಮಣ್ಣುಪಾಲು. ಕೆತ್ತುವವರು, ಒತ್ತುವವರು ಎಂದು ಹತ್ತಾರು ಕೈಗಳು ಇದಕ್ಕೆ ದುಡಿದವು. ಆ ಕೈಗಳಿಲ್ಲದೆ ಈ ಚಿತ್ರಗಳಿಲ್ಲ.

ಇಷ್ಟೊಂದು ಹಟ ಯಾಕೆ? ಒಬಾಟಾ ನಂಬಿದ್ದು 'ಮಹಾ ಪ್ರಕೃತಿ'ಯನ್ನು. ಅವರ ಪಾಲಿಗೆ ಪ್ರಕೃತಿಯೇ ಗುರು; ಕಲಾವಿದ ಮೊದಲು ಸುಮ್ಮನೆ ಕೂತು ನೋಡಬೇಕು, ಆಮೇಲೆ ಕುಂಚ. 1932ರಿಂದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೂ ಅದನ್ನೇ ಕಲಿಸಿದರು.

ಆ ನಂಬಿಕೆಗೆ ನಿಜವಾದ ಪರೀಕ್ಷೆ ಬಂದದ್ದು 1942ರಲ್ಲಿ. ಪರ್ಲ್ ಹಾರ್ಬರ್ ಮೇಲೆ ಜಪಾನ್ ನಡೆಸಿದ ದಾಳಿಯ ನಂತರ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಅಮೆರಿಕ ಸರ್ಕಾರ ಶಿಬಿರಗಳಿಗೆ ತಳ್ಳಿತು. ಒಬಾಟಾ ಕುಟುಂಬಕ್ಕೆ ಸಿಕ್ಕಿದ್ದು ಟ್ಯಾನ್‌ಫೊರಾನ್ ಕುದುರೆ ರೇಸಿನ ಮೈದಾನ. ಕುದುರೆ ಲಾಯಗಳೇ ಅಲ್ಲಿ ಜನರ ಮನೆ. ಆ ಗಲೀಜಿನ ನಡುವೆ ಒಬಾಟಾ ಒಂದೇ ತಿಂಗಳಲ್ಲಿ ಕಲಾಶಾಲೆ ತೆರೆದರು. ಪುಟ್ಟ ಮಕ್ಕಳಿಂದ ಹಿಡಿದು ಅಜ್ಜ ಅಜ್ಜಿಯರವರೆಗೆ 600ಕ್ಕೂ ಹೆಚ್ಚು ಮಂದಿ ಕಲಿಯಲು ಬಂದರು. ಮುಂದೆ ಯೂಟಾ ಮರುಭೂಮಿಯ ಟೊಪಾಜ್ ಶಿಬಿರದಲ್ಲೂ ಪಾಠ ನಿಲ್ಲಲಿಲ್ಲ. ಅಲ್ಲಿನ ಧೂಳಿನ ಬಿರುಗಾಳಿಯನ್ನೂ ಚಂದ್ರೋದಯವನ್ನೂ ಅವರು ಅದೇ ಶ್ರದ್ಧೆಯಿಂದ ಬರೆದರು. ಅವರ ಸಾಧನೆಯಲ್ಲಿ ಯೊಸೆಮಿಟಿಯ ಚಿತ್ರಗಳಿಗಿಂತ ಈ ಶಾಲೆಯ ತೂಕ ಒಂದು ಗುಲಗಂಜಿಯೂ ಕಡಿಮೆಯಲ್ಲ.

ಯುದ್ಧ ಮುಗಿದ ಮೇಲೆ ಒಬಾಟಾ ಬರ್ಕ್ಲಿಗೆ ಮರಳಿ ಪಾಠ ಮುಂದುವರಿಸಿದರು. ಜಪಾನಿನಿಂದ ಬಂದವರಿಗೆ ಪೌರತ್ವ ನಿರಾಕರಿಸಿದ್ದ ಕಾನೂನು 1952ರಲ್ಲಿ ಬದಲಾಯಿತು. 1954ರಲ್ಲಿ, ನಿವೃತ್ತರಾದ ವರ್ಷವೇ, ಅವರು ಅಮೆರಿಕದ ಪ್ರಜೆಯಾದರು. ಆ ನೆಲಕ್ಕೆ ಕಾಲಿಟ್ಟು ಆಗಲೇ 51 ವರ್ಷವಾಗಿತ್ತು.