ಬಣವೆ ಎಷ್ಟು ದೊಡ್ಡದಿರಬೇಕು?

(ಗುಡ್ನಾಪುರದ ಹಾಲು ಉತ್ಪಾದಕರ ಸಭೆಯಲ್ಲಿ ಮಾಡಿದ ಭಾಷಣ)



ಸುಗ್ಗಿ ಮುಗಿದೊಡನೆ ತಾವೆಲ್ಲ ಒಂದು ತೀರ್ಮಾನ ಮಾಡುತ್ತೀರಿ: ಭತ್ತದ ಹುಲ್ಲನ್ನು ಎಷ್ಟು ಕೂಡಿಡಬೇಕು? ಮುಂದಿನ ಮಳೆ ಹೇಗೋ ಆಗ ಯಾರಿಗೂ ತಿಳಿಯದು. ನಿಮ್ಮೂರ ದೊಡ್ಡ ಕೆರೆಯನ್ನು ಕಟ್ಟಿಸಿದವರಿಗೂ ತಿಳಿದಿರಲಿಲ್ಲ. ಆದರೂ ಏರಿಯ ಎತ್ತರವನ್ನು ಮೊದಲೇ ನಿಶ್ಚಯಿಸಬೇಕಾಯಿತು.

ಇಂಥ ತೀರ್ಮಾನಗಳಿಗೆ ಗಣಿತವಿದೆ. 1947ರಲ್ಲಿ ಅಮೆರಿಕದ ಜಾರ್ಜ್ ಡಾಂಟ್ಜಿಗ್ ಎಂಬವರು ಕಡಿಮೆ ಖರ್ಚಿನ ದಾರಿ ಹುಡುಕುವ ವಿಧಾನವೊಂದನ್ನು ರೂಪಿಸಿದರು. ಪಶು ಆಹಾರ ಕಾರ್ಖಾನೆಗಳಲ್ಲಿ ಹಿಂಡಿ, ತೌಡು, ಜೋಳದ ಪ್ರಮಾಣ ನಿರ್ಧರಿಸಲು ಈ ಬಗೆಯ ಲೆಕ್ಕವೇ ಬಳಕೆಯಲ್ಲಿದೆ. ಮುಂದಾಗುವುದು ತಿಳಿಯದಿದ್ದಾಗ ಏನು ಮಾಡಬೇಕೆಂದು 1955ರಲ್ಲಿ ಅವರೇ ಬರೆದರು: ಈಗಿನ ಖರ್ಚು, ಮಳೆಗಾಲ ಕಂಡ ಮೇಲೆ ಸರಿಪಡಿಸಿಕೊಳ್ಳುವ ಖರ್ಚು, ಎರಡನ್ನೂ ಕೂಡಿ ನೋಡಬೇಕು.

ನಮ್ಮ ಕೊಟ್ಟಿಗೆಗೆ ಬರೋಣ. ಐದು ವರ್ಷಗಳಲ್ಲಿ ಮೂರು ವರ್ಷ 100 ಕಟ್ಟು ಹುಲ್ಲು ಸಾಕಾಯಿತು, ಒಂದು ವರ್ಷ 140, ಇನ್ನೊಂದು ವರ್ಷ 180 ಬೇಕಾಯಿತು ಎಂದಿಟ್ಟುಕೊಳ್ಳಿ. ಸುಗ್ಗಿಯಲ್ಲಿ ಕಟ್ಟಿಗೆ 40 ರೂಪಾಯಿ, ಅಭಾವದಲ್ಲಿ 120. ಉಳಿದದ್ದು ಕೊಳೆತು ಹೋಗುತ್ತದೆ. ಸರಾಸರಿ 124 ಎಂದು ಅಷ್ಟೇ ಇಟ್ಟರೆ? ತಪ್ಪು. ಸರಾಸರಿಯನ್ನು ಹಸು ತಿನ್ನುವುದಿಲ್ಲ.

ನೂರಾ ಒಂದನೆಯ ಕಟ್ಟಿಗೆ ಐದು ವರ್ಷದಲ್ಲಿ 200 ರೂಪಾಯಿ ಖರ್ಚು. ಅದು ಎರಡು ವರ್ಷ ಒದಗಿ 240 ಉಳಿಸುತ್ತದೆ. ಲಾಭವೇ. 140ರವರೆಗೂ ಇದೇ ಲೆಕ್ಕ. ನೂರಾ ನಲವತ್ತೊಂದನೆಯದು ಒಂದೇ ವರ್ಷ ಒದಗುತ್ತದೆ. 200 ಕೊಟ್ಟು 120 ಉಳಿಸಿದಂತೆ. ಆದ್ದರಿಂದ 140ಕ್ಕೆ ನಿಲ್ಲಿಸಿ.

ಆದರೆ ಪಶುವೈದ್ಯನಾಗಿ ಒಂದು ಮಾತು ಸೇರಿಸಬೇಕು. ದುಡ್ಡು ಕೊಟ್ಟರೂ ಹುಲ್ಲು ಸಿಗದ ದಿನಗಳಿರುತ್ತವೆ. ಗಬ್ಬದ ಕೊನೆಯ ಎರಡು ತಿಂಗಳಲ್ಲಿ ಹಸು ಹಸಿದರೆ ಕರು ಸೊರಗುತ್ತದೆ, ಕರು ಹಾಕಿದ ಮೇಲೆ ಹಾಲು ಇಳಿಯುತ್ತದೆ, ಮತ್ತೆ ಬೆದೆಗೆ ಬರುವುದೂ ತಡ. ಕೆಲವರು ಕಟ್ಟಿದ ಹಸುವನ್ನೇ ಮಾರುತ್ತಾರೆ. ಆ ನಷ್ಟ ಹಿಡಿದರೆ ಒಂದು ಕಟ್ಟಿನ ಕೊರತೆಗೆ 120 ಅಲ್ಲ, 250 ತೆತ್ತಂತಾಗಬಹುದು. ಆಗ ನೂರಾ ನಲವತ್ತೊಂದನೆಯ ಕಟ್ಟೂ ಗಿಟ್ಟುತ್ತದೆ. 180ರವರೆಗೆ ಕೂಡಿಡುವುದೇ ಲೇಸು. ಗಬ್ಬದ ಹಸುವಿರುವ ಮನೆಗೂ ಗೊಡ್ಡು ದನವಿರುವ ಮನೆಗೂ ಬಣವೆ ಒಂದೇ ಅಳತೆಯದಾಗಬೇಕಿಲ್ಲ. ಹುಲ್ಲನ್ನು ನೆಲಕ್ಕೆ ತಾಗದಂತೆ ಅಟ್ಟದ ಮೇಲಿಟ್ಟು ಕೊಳೆಯುವುದನ್ನು ತಪ್ಪಿಸಿದರಂತೂ ಹೆಚ್ಚು ಇಡಲು ಅಂಜಿಕೆಯಿಲ್ಲ.

ನನ್ನ ಅಂಕಿಗಳು ಉದಾಹರಣೆಗೆ ಮಾತ್ರ. ಐದು ವರ್ಷ ನಿಮ್ಮಲ್ಲಿ ಎಷ್ಟು ಬೇಕಾಯಿತು, ಎಷ್ಟಕ್ಕೆ ಕೊಂಡಿರಿ ಎಂಬುದನ್ನು ಮನೆಯವರನ್ನೂ ಕೇಳಿ ಬರೆದಿಡಿ. ಹುಲ್ಲು ಹಾಕುವವರು ಹೆಚ್ಚಾಗಿ ಅವರೇ. ಮುಂದಿನ ಸಲ ಬಂದಾಗ ಸಂಘದ ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕೋಣ.